ಬಿಸಾಡುವ ಬಿಸಿಯಿಂದ ತಂಪು ಮತ್ತು ಸಿಹಿನೀರು: ಸಿಲಿಕಾ ಜೆಲ್ ಅಡ್ಸಾರ್ಪ್ಷನ್ ಯಂತ್ರದ ವಿಮರ್ಶೆ

ಅಡ್ಸಾರ್ಪ್ಷನ್ (ಘನವಸ್ತುವಿನ ಮೇಲ್ಮೈಗೆ ಆವಿ ಅಂಟಿಕೊಳ್ಳುವ) ತತ್ತ್ವದ ಮೇಲೆ ನಡೆಯುವ ನಿರ್ಲವಣೀಕರಣ ಮತ್ತು ಶೀತಲೀಕರಣ ಯಂತ್ರವನ್ನು ಕೊಳ್ಳಲು ಹೊರಟವರ ಮುಂದೆ ಸಾಮಾನ್ಯವಾಗಿ ಮೂರು ಮಾತುಗಳನ್ನು ಇಡಲಾಗುತ್ತದೆ. 55 ರಿಂದ 60 ಡಿಗ್ರಿ ಸೆಲ್ಸಿಯಸ್‌ನ ಸಾಧಾರಣ ಬಿಸಿನೀರು ಸಾಕು, ಹವಾನಿಯಂತ್ರಣಕ್ಕೆ ಬೇಕಾದ 7 ಡಿಗ್ರಿಯ ತಣ್ಣೀರು ಸಿಗುತ್ತದೆ, ಒಂದು ಟನ್ ಸಿಲಿಕಾ ಜೆಲ್‌ಗೆ ದಿನವೊಂದಕ್ಕೆ 8 ರಿಂದ 10 ಘನ ಮೀಟರ್ ಸಿಹಿನೀರು ಬರುತ್ತದೆ. ಈ ಮೂರೂ ಮಾತುಗಳು ಬಿಡಿಬಿಡಿಯಾಗಿ ನಿಜ. ಒಂದೇ ಯಂತ್ರದಲ್ಲಿ ಒಂದೇ ಹೊತ್ತಿಗೆ ಮೂರೂ ನಿಜವಾಗುವುದಿಲ್ಲ ಎಂಬುದನ್ನು ಮಾತ್ರ ಕೊಳ್ಳುವವರು ತಾವೇ ಲೆಕ್ಕ ಹಾಕಿ ಕಂಡುಕೊಳ್ಳಬೇಕಾಗುತ್ತದೆ. ಈ ಬರಹದಲ್ಲಿ ನಾನು ಯಾವುದೋ ಒಂದು ಕಂಪನಿಯ ಮಾದರಿಯನ್ನು ತೂಗುತ್ತಿಲ್ಲ. ಎರಡು ಅಥವಾ ನಾಲ್ಕು ಬೆಡ್‌ಗಳ (ಜೆಲ್ ತುಂಬಿದ ಪಾತ್ರೆಗಳ), ಸಿಲಿಕಾ ಜೆಲ್ ಮತ್ತು ನೀರಿನ ಜೋಡಿಯ ಮೇಲೆ ನಡೆಯುವ ಈ ಬಗೆಯ ಯಂತ್ರವನ್ನೇ ಒಂದು ಉತ್ಪನ್ನವೆಂದು ಹಿಡಿದು, ಅದು ಏನನ್ನು ಕೊಡುತ್ತದೆ, ಏನನ್ನು ಕೇಳುತ್ತದೆ, ಯಾರಿಗೆ ಒಪ್ಪುತ್ತದೆ ಎಂಬುದನ್ನು ನೋಡುತ್ತಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ: ಇದನ್ನು ಚಿಲ್ಲರ್ (ಹವಾನಿಯಂತ್ರಣಕ್ಕೆ ನೀರು ತಣಿಸುವ ಯಂತ್ರ) ಎಂದು ಕೊಳ್ಳಿ, ನೀರನ್ನು ಅದರ ಜೊತೆಗೆ ಬರುವ ಉಪಫಲ ಎಂದು ಎಣಿಸಿ. ನೀರಿಗಾಗಿಯೇ ಕೊಂಡರೆ ಹೆಚ್ಚಿನ ಕಡೆಗಳಲ್ಲಿ ನಷ್ಟ.

ಯಂತ್ರದ ಕೆಲಸ ಸರಳ. ಗಾಳಿಯನ್ನು ಪೂರ್ತಿ ತೆಗೆದ ಒಂದು ಪಾತ್ರೆಯಲ್ಲಿ ಕಡಲ ನೀರನ್ನು ಸಿಂಪಡಿಸಲಾಗುತ್ತದೆ, ಇದು ಇವಾಪೊರೇಟರ್. ಇದರ ಪಕ್ಕದ ಪಾತ್ರೆಯಲ್ಲಿ ಒಣಗಿದ ಸಿಲಿಕಾ ಜೆಲ್ ಇದೆ. ಔಷಧದ ಡಬ್ಬಿಗಳಲ್ಲಿ ತೇವ ಹೀರಲು ಇಡುವ ಪುಟ್ಟ ಪೊಟ್ಟಣದೊಳಗಿನ ವಸ್ತುವೇ ಇದು. ಒಂದು ಗ್ರಾಂ ಜೆಲ್‌ನ ಒಳರಂಧ್ರಗಳ ಮೇಲ್ಮೈ 600 ರಿಂದ 800 ಚದರ ಮೀಟರ್‌ಗಳಷ್ಟಾಗುತ್ತದೆ. ಎರಡು ಪಾತ್ರೆಗಳ ನಡುವಿನ ವಾಲ್ವ್ ತೆರೆದಾಗ ನೀರಾವಿ ಜೆಲ್‌ನ ಮೇಲ್ಮೈಗೆ ಅಂಟಿಕೊಳ್ಳುತ್ತ ಹೋಗುತ್ತದೆ, ಇವಾಪೊರೇಟರ್‌ನಲ್ಲಿ ಒತ್ತಡ ತಗ್ಗಿಯೇ ಇರುತ್ತದೆ, ಕಡಲ ನೀರು ಕುದಿಯುವ ಬಿಸಿಯಿಲ್ಲದೆಯೇ ಆವಿಯಾಗುತ್ತಲೇ ಇರುತ್ತದೆ. ಬೆವರು ಆರುವಾಗ ಮೈ ತಂಪಾಗುವಂತೆ, ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಆ ನೀರು ಇವಾಪೊರೇಟರ್‌ನ ಕೊಳವೆಗಳೊಳಗೆ ಹರಿಯುವ ನೀರಿನಿಂದ ಎಳೆದುಕೊಳ್ಳುತ್ತದೆ. ಹೀಗೆ ತಣ್ಣಗಾದ ಕೊಳವೆಯ ನೀರು ಕಟ್ಟಡಕ್ಕೆ ಹೋಗುತ್ತದೆ. ಜೆಲ್ ತುಂಬಿದ ಮೇಲೆ ಆ ವಾಲ್ವ್ ಮುಚ್ಚಿ, ಬೆಡ್‌ನ ಕೊಳವೆಗಳಿಗೆ ಬಿಸಿನೀರು ಹರಿಸಲಾಗುತ್ತದೆ. ಅಂಟಿಕೊಂಡಿದ್ದ ಆವಿ ಬಿಡುಗಡೆಯಾಗಿ ಕಂಡೆನ್ಸರ್‌ಗೆ ಹೋಗಿ ಶುದ್ಧ ನೀರಾಗಿ ಇಳಿಯುತ್ತದೆ. ಒಂದು ಬೆಡ್ ಆವಿಯನ್ನು ಹಿಡಿಯುತ್ತಿರುವಾಗ ಇನ್ನೊಂದು ಬಿಡುತ್ತಿರುತ್ತದೆ. ಕೆಲವು ನಿಮಿಷಗಳಿಗೊಮ್ಮೆ ಪಾಳಿ ಬದಲಾಗುತ್ತದೆ. ಕಂಪ್ರೆಸರ್ ಇಲ್ಲ, ಅದರ ಎಣ್ಣೆಯಿಲ್ಲ, ವಾತಾವರಣಕ್ಕೆ ಕೆಡುಕು ಮಾಡುವ ಶೀತಕ ಅನಿಲವೂ ಇಲ್ಲ. ಚಲಿಸುವ ಭಾಗಗಳೆಂದರೆ ಪಂಪುಗಳು ಮತ್ತು ವಾಲ್ವ್‌ಗಳು ಮಾತ್ರ.

ಹೊಸ ಆವಿಷ್ಕಾರವೆಂದು ಕೆಲವರು ಇದನ್ನು ಅನುಮಾನದಿಂದ ನೋಡುವುದುಂಟು. ಆ ಅನುಮಾನಕ್ಕೆ ಆಧಾರವಿಲ್ಲ. ಸಿಲಿಕಾ ಜೆಲ್ ಚಿಲ್ಲರ್‌ಗಳು 1980ರ ದಶಕದಲ್ಲಿಯೇ ಜಪಾನಿನಲ್ಲಿ ಮಾರುಕಟ್ಟೆಗೆ ಬಂದವು. ಅದೇ ಯಂತ್ರದ ಮುಚ್ಚಿದ ಚಕ್ರವನ್ನು ತೆರೆದು, ಒಂದು ತುದಿಯಿಂದ ಕಡಲ ನೀರು ಹಾಕಿ ಇನ್ನೊಂದು ತುದಿಯಿಂದ ಸಿಹಿನೀರು ತೆಗೆಯುವ ಕೆಲಸವನ್ನು ಸಿಂಗಪುರದ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು 2000ದ ನಂತರದ ವರ್ಷಗಳಲ್ಲಿ ವ್ಯವಸ್ಥಿತವಾಗಿ ಬೆಳೆಸಿದರು; ಮುಂದೆ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಅದು ಮುಂದುವರಿಯಿತು. ಮುಚ್ಚಿದ ಚಕ್ರವನ್ನು ತೆರೆಯುವುದು ಕಾಗದದ ಮೇಲೆ ಸಣ್ಣ ಬದಲಾವಣೆ. ನಿರ್ವಹಣೆಯಲ್ಲಿ ಅದು ಎಷ್ಟು ದೊಡ್ಡದೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನೀರಿನ ಗುಣ. ಈ ಒಂದು ವಿಷಯದಲ್ಲಿ ಯಂತ್ರಕ್ಕೆ ಪೂರ್ಣ ಅಂಕ ಕೊಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಲೀಟರಿಗೆ ಸುಮಾರು 35,000 ಮಿಲಿಗ್ರಾಂ ಲವಣವಿರುವ ಕಡಲ ನೀರು ಒಳಗೆ ಹೋಗಿ, ಹತ್ತಿಪ್ಪತ್ತು ಮಿಲಿಗ್ರಾಂ ಕೂಡ ಇಲ್ಲದ ನೀರು ಹೊರಗೆ ಬರುತ್ತದೆ. ನೀರಿನ ಲವಣಾಂಶ ಎರಡು ಪಟ್ಟಾದರೂ ಫಲಿತ ಹೆಚ್ಚು ಕೆಡುವುದಿಲ್ಲ. ಕಡಲ ನೀರಿನ ಆವಿಯ ಒತ್ತಡ ಸಿಹಿನೀರಿಗಿಂತ ಶೇಕಡಾ 2ರಷ್ಟು ಮಾತ್ರ ಕಡಿಮೆ. ಒತ್ತಡದಿಂದ ನೀರನ್ನು ತಳ್ಳಿ ಉಪ್ಪು ಸೋಸುವ ಆರ್‌ಓ ಪೊರೆಗಳಿಗೆ ಲವಣಾಂಶ ಏರಿದಷ್ಟೂ ಒತ್ತಡ ಏರಿಸಬೇಕಾದ ಕಷ್ಟವಿದೆ, ಇಲ್ಲಿ ಅದಿಲ್ಲ. ಆವಿಯಾಗುವುದು ಕೋಣೆಯ ತಾಪಕ್ಕಿಂತಲೂ ಕೆಳಗೆ ಆಗಿರುವುದರಿಂದ ಕೊಳವೆಗಳ ಮೇಲೆ ಸುಣ್ಣದ ಗಟ್ಟಿ ಪದರ ಕಟ್ಟುವುದು ತೀರ ಕಡಿಮೆ, ಲೋಹದ ಸವೆತವೂ ನಿಧಾನ. ಹಾಗೆಂದು ಬಂದ ನೀರನ್ನು ನೇರವಾಗಿ ಕುಡಿಯಲು ಕೊಡುವಂತಿಲ್ಲ. ಖನಿಜಗಳಿಲ್ಲದ ಈ ನೀರು ಕಬ್ಬಿಣದ ಕೊಳವೆಗಳನ್ನು ತಿನ್ನುತ್ತದೆ. ಅದಕ್ಕೆ ಖನಿಜ ಸೇರಿಸಬೇಕು, ತೊಟ್ಟಿಯಲ್ಲಿ ಸೋಂಕು ತಗಲದಂತೆ ಕ್ಲೋರಿನ್ ಅಥವಾ ಬೇರೆ ವ್ಯವಸ್ಥೆ ಮಾಡಬೇಕು. ಬಾಯ್ಲರ್‌ಗೆ, ಪ್ರಯೋಗಾಲಯಕ್ಕೆ, ಬ್ಯಾಟರಿಗೆ ಶುದ್ಧ ನೀರು ಬೇಕಾದವರಿಗೆ ಮಾತ್ರ ಅದು ಹೆಚ್ಚಿನ ಸಂಸ್ಕರಣೆಯಿಲ್ಲದೆ ಒದಗುತ್ತದೆ.

ಈಗ ಆ ಮೂರು ಮಾತುಗಳಿಗೆ ಬರೋಣ. ಸಿಲಿಕಾ ಜೆಲ್ ಎಷ್ಟು ನೀರಾವಿ ಹಿಡಿಯುತ್ತದೆ ಎಂಬುದು ಸ್ಥೂಲವಾಗಿ ಒಂದು ಅನುಪಾತವನ್ನು ಅವಲಂಬಿಸಿದೆ: ಪಾತ್ರೆಯಲ್ಲಿ ಆಗ ಇರುವ ಆವಿಯ ಒತ್ತಡವನ್ನು, ಜೆಲ್‌ನ ತಾಪದಲ್ಲಿ ನೀರಿಗೆ ಇರಬಹುದಾದ ಗರಿಷ್ಠ ಆವಿಯ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆ. ಇವಾಪೊರೇಟರ್ 7 ಡಿಗ್ರಿಯಲ್ಲಿದ್ದರೆ ಅಲ್ಲಿನ ಒತ್ತಡ ಸುಮಾರು 1 ಕಿಲೋಪಾಸ್ಕಲ್ (ವಾತಾವರಣದ ಒತ್ತಡದ ನೂರರಲ್ಲಿ ಒಂದು ಭಾಗದಷ್ಟು). ಬೆಡ್ಡನ್ನು 30 ಡಿಗ್ರಿಗೆ ತಣಿಸಿದರೆ ಆ ತಾಪದ ಗರಿಷ್ಠ ಒತ್ತಡ 4.25 ಕಿಲೋಪಾಸ್ಕಲ್, ಅನುಪಾತ 0.24. ಬಿಡುಗಡೆಯ ಹೊತ್ತಿನಲ್ಲಿ ಕಂಡೆನ್ಸರ್ 33 ಡಿಗ್ರಿಯಲ್ಲಿದ್ದು ಒತ್ತಡ 5 ಕಿಲೋಪಾಸ್ಕಲ್‌ನಷ್ಟಿರುತ್ತದೆ, ಬೆಡ್ 80 ಡಿಗ್ರಿಗೆ ಬಿಸಿಯಾಗಿದ್ದರೆ ಗರಿಷ್ಠ ಒತ್ತಡ 47 ಕಿಲೋಪಾಸ್ಕಲ್, ಅನುಪಾತ 0.11. ಈ 0.24 ಮತ್ತು 0.11ರ ನಡುವಿನ ಅಂತರವೇ ಯಂತ್ರದ ದುಡಿಮೆ. ಪ್ರತಿ ಪಾಳಿಯಲ್ಲಿ ಜೆಲ್ ಹಿಡಿದು ಬಿಡುವ ನೀರು ಈ ಅಂತರಕ್ಕೆ ತಕ್ಕಷ್ಟೇ. ಈಗ ಬಿಸಿನೀರನ್ನು 60 ಡಿಗ್ರಿಗೆ ಇಳಿಸಿ ನೋಡಿ. ಗರಿಷ್ಠ ಒತ್ತಡ 20 ಕಿಲೋಪಾಸ್ಕಲ್ ಆಗುತ್ತದೆ, ಬಿಡುಗಡೆಯ ಅನುಪಾತ 0.25ಕ್ಕೆ ಏರುತ್ತದೆ, ಹಿಡಿಯುವ ಅನುಪಾತ 0.24 ಆಗಿಯೇ ಉಳಿದಿದೆ. ಅಂತರವೇ ಇಲ್ಲ. ಬೆಡ್‌ಗಳು ಪಾಳಿ ಬದಲಿಸುತ್ತಲೇ ಇರುತ್ತವೆ, ತಂಪೂ ಬರುವುದಿಲ್ಲ, ನೀರೂ ಬರುವುದಿಲ್ಲ.

ಹಾಗಾದರೆ 55 ಡಿಗ್ರಿಯಲ್ಲಿಯೂ ನಡೆಯುತ್ತದೆ ಎಂಬ ಮಾತು ಎಲ್ಲಿಂದ ಬಂತು? ತಣ್ಣೀರನ್ನು 7 ಡಿಗ್ರಿಯ ಬದಲು 15ರಿಂದ 18 ಡಿಗ್ರಿಯಲ್ಲಿ ತೆಗೆದುಕೊಂಡರೆ, ಅಥವಾ ತಣಿಸುವ ನೀರು (ಬೆಡ್ ಮತ್ತು ಕಂಡೆನ್ಸರ್‌ನ ಬಿಸಿಯನ್ನು ಹೊರಗೊಯ್ಯುವ ನೀರು) 30 ಡಿಗ್ರಿಗಿಂತ ಸಾಕಷ್ಟು ಕೆಳಗಿದ್ದರೆ, ಅಥವಾ ಬೆಡ್‌ಗಳನ್ನು ಎರಡು ಮೂರು ಹಂತಗಳಲ್ಲಿ ಜೋಡಿಸಿದರೆ ಆ ತಾಪದಲ್ಲಿಯೂ ಕೆಲಸ ನಡೆಯುತ್ತದೆ. ಇವಾಪೊರೇಟರ್ 15 ಡಿಗ್ರಿಯಲ್ಲಿದ್ದಾಗ ಒತ್ತಡ 1.7 ಕಿಲೋಪಾಸ್ಕಲ್ ಆಗಿ, ಹಿಡಿಯುವ ಅನುಪಾತ 0.40ಕ್ಕೆ ಏರುತ್ತದೆ, ಆಗ 60 ಡಿಗ್ರಿಯ ಬಿಸಿಯೂ ಸಾಕಾಗುತ್ತದೆ. 10 ಘನ ಮೀಟರ್ ನೀರಿನ ಮಾತಿನ ಹಿಂದೆಯೂ ಇದೇ ಕತೆಯಿದೆ. ಅದು 85 ಡಿಗ್ರಿಯ ಆಸುಪಾಸಿನ ಬಿಸಿನೀರು ಕೊಟ್ಟು, ಇವಾಪೊರೇಟರ್‌ನೊಳಗಿನ ನೀರನ್ನು 30 ಡಿಗ್ರಿಯಲ್ಲಿ ಇಟ್ಟಾಗ ಬರುವ ಅಂಕಿ. 30 ಡಿಗ್ರಿಯ ತಣ್ಣೀರಿನಿಂದ ಯಾವ ಕೋಣೆಯೂ ತಂಪಾಗುವುದಿಲ್ಲ. 7ರಿಂದ 10 ಡಿಗ್ರಿಯ ಉಪಯುಕ್ತ ತಂಪು ಬೇಕೆಂದರೆ ಅದೇ ಒಂದು ಟನ್ ಜೆಲ್ 4ರಿಂದ 5 ಘನ ಮೀಟರ್ ನೀರು ಕೊಡುತ್ತದೆ. ಆದ್ದರಿಂದ ಕರಪತ್ರದಲ್ಲಿ ನೀರಿನ ಅಂಕಿ ಕಂಡಾಗಲೆಲ್ಲ, ಆ ಹೊತ್ತಿನಲ್ಲಿ ತಣ್ಣೀರಿನ ತಾಪ ಎಷ್ಟಿತ್ತು ಎಂದು ಕೇಳುವುದನ್ನು ಮರೆಯಬಾರದು.

ತಣಿಸುವ ನೀರಿನ ಪ್ರಭಾವ ಇದಕ್ಕಿಂತಲೂ ಹೆಚ್ಚು ಕಾಡುತ್ತದೆ. ಬಿರುಬೇಸಗೆಯಲ್ಲಿ ಆ ನೀರು 30ರಿಂದ 35 ಡಿಗ್ರಿಗೆ ಏರಿತು ಎನ್ನಿ. ಹಿಡಿಯುವ ಅನುಪಾತ 0.18ಕ್ಕೆ ಇಳಿಯುತ್ತದೆ, ಬಿಡುವ ಅನುಪಾತ 0.14ಕ್ಕೆ ಏರುತ್ತದೆ. 0.13 ಇದ್ದ ಅಂತರ 0.04ಕ್ಕೆ ಕುಸಿಯಿತು, ಅಂದರೆ ತಂಪು ಅತ್ಯಂತ ಹೆಚ್ಚು ಬೇಕಾದ ದಿನದಲ್ಲಿಯೇ ಯಂತ್ರ ಮೂರನೇ ಒಂದು ಭಾಗದಷ್ಟು ಕೆಲಸಕ್ಕೆ ಇಳಿಯುತ್ತದೆ. ಇದು ನಾನು ಒತ್ತಡದ ಕೋಷ್ಟಕಗಳಿಂದ ಹಾಕಿದ ಸ್ಥೂಲ ಲೆಕ್ಕ, ನಿಜವಾದ ಯಂತ್ರದಲ್ಲಿ ಅಂಕಿಗಳು ಆಚೀಚೆ ಆಗುತ್ತವೆ. ಆದರೆ ದಿಕ್ಕು ಬದಲಾಗುವುದಿಲ್ಲ. ಬಿಸಿನೀರಿನ ತಾಪ 5 ಡಿಗ್ರಿ ಕಡಿಮೆಯಾದರೆ ಸಹಿಸಬಹುದು, ತಣಿಸುವ ನೀರಿನ ತಾಪ 5 ಡಿಗ್ರಿ ಹೆಚ್ಚಾದರೆ ಸಹಿಸಲಾಗದು. ಈ ಯಂತ್ರ ಹಾಕಿ ನಿರಾಶರಾದ ಕಡೆಗಳಲ್ಲಿ ಮೊದಲು ನೋಡಬೇಕಾದದ್ದು ಶಾಖದ ಮೂಲವನ್ನಲ್ಲ, ತಣಿಸುವ ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಕೂಲಿಂಗ್ ಟವರ್ ಅನ್ನು ಎಂಬುದು ನನ್ನ ದೃಢ ಅಭಿಪ್ರಾಯ.

ಕೂಲಿಂಗ್ ಟವರ್ ಎಂದೊಡನೆ ಇನ್ನೊಂದು ಲೆಕ್ಕ ಎದುರಾಗುತ್ತದೆ. ನೀರಿನ ಆಸೆಯಿಂದ ಇತ್ತ ಬಂದವರು ಇದನ್ನು ಎರಡು ಬಾರಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಘನ ಮೀಟರ್ ನೀರು ಆವಿಯಾಗಲು ಸುಮಾರು 680 ಕಿಲೋವಾಟ್-ಗಂಟೆ ಶಾಖ ಬೇಕು. ದಿನವಿಡೀ ಹರಡಿದರೆ ಅದು 28 ಕಿಲೋವಾಟ್, ಅಂದರೆ 8 ಟನ್ ಸಾಮರ್ಥ್ಯದ ಹವಾನಿಯಂತ್ರಣ. ನೀರಿಗೂ ತಂಪಿಗೂ ಇರುವ ಈ ಗಂಟು ಬದಲಾಗದು: ದಿನಕ್ಕೆ 1 ಘನ ಮೀಟರ್ ನೀರು ಎಂದರೆ 8 ಟನ್ ತಂಪು. ಈ ಯಂತ್ರಗಳಲ್ಲಿ ಕೊಟ್ಟ ಶಾಖಕ್ಕೆ ದೊರೆಯುವ ತಂಪಿನ ಅನುಪಾತ 0.4ರಿಂದ 0.6; 0.5 ಎಂದು ಹಿಡಿದರೆ 28 ಕಿಲೋವಾಟ್ ತಂಪಿಗೆ 56 ಕಿಲೋವಾಟ್ ಬಿಸಿ ಬೇಕು. ಕಟ್ಟಡದಿಂದ ಎಳೆದ 28 ಮತ್ತು ಬಿಸಿನೀರಿನಿಂದ ಬಂದ 56 ಸೇರಿ 84 ಕಿಲೋವಾಟ್ ಶಾಖವನ್ನು ಹೊರಗೆ ಚೆಲ್ಲಬೇಕು. ಸಿಹಿನೀರಿನ ಕೂಲಿಂಗ್ ಟವರ್‌ನಲ್ಲಿ ಇದನ್ನು ಚೆಲ್ಲಿದರೆ ಅಲ್ಲಿ ಪ್ರತಿದಿನ ಎರಡೂವರೆಯಿಂದ ಮೂರು ಘನ ಮೀಟರ್ ನೀರು ಗಾಳಿಗೆ ಆವಿಯಾಗಿ ಹೋಗುತ್ತದೆ. ಒಂದು ಘನ ಮೀಟರ್ ಪಡೆಯಲು ಹೆಚ್ಚುಕಡಿಮೆ ಮೂರು ಘನ ಮೀಟರ್ ಕಳೆದುಕೊಂಡ ಹಾಗಾಯಿತು! ಇದನ್ನು ಮುಚ್ಚಿಟ್ಟು ನೀರಿನ ಕೊರತೆಯಿರುವ ಒಳನಾಡಿಗೆ ಈ ಯಂತ್ರವನ್ನು ಮಾರುವುದು ಸರಿಯಲ್ಲ. ಕಡಲ ನೀರನ್ನೇ ಕೊಳವೆಯಲ್ಲಿ ಹರಿಸಿ ತಣಿಸುವ ಅನುಕೂಲ ಇರುವಲ್ಲಿ, ಅಥವಾ ಉಪ್ಪುನೀರಿನ ಮೇಲೆ ನಡೆಯುವಂತೆ ಕಟ್ಟಿದ ಟವರ್ ಇರುವಲ್ಲಿ ಈ ಆಕ್ಷೇಪ ಬಿದ್ದುಹೋಗುತ್ತದೆ. ಗಾಳಿಯಿಂದಲೇ ತಣಿಸುವ ಒಣ ಕೂಲರ್ ಹಾಕಬಹುದು. ಆಗ ತಣಿಸುವ ನೀರಿನ ತಾಪ ಏರಿ, ಮೇಲೆ ಹೇಳಿದ ಕುಸಿತ ಎದುರಾಗುತ್ತದೆ.

ವಿದ್ಯುತ್ತಿನ ವಿಚಾರದಲ್ಲಿಯೂ ಎಚ್ಚರ ಬೇಕು. ಒಂದು ಘನ ಮೀಟರ್ ನೀರಿಗೆ ಒಂದೂವರೆ ಯೂನಿಟ್ (ಕಿಲೋವಾಟ್-ಗಂಟೆ) ವಿದ್ಯುತ್ ಸಾಕು, ಆರ್‌ಓಗೆ ಮೂರರಿಂದ ನಾಲ್ಕು ಯೂನಿಟ್ ಬೇಕು ಎಂಬ ಹೋಲಿಕೆ ಎಲ್ಲೆಡೆ ಕಾಣಸಿಗುತ್ತದೆ. 84 ಕಿಲೋವಾಟ್ ಶಾಖವನ್ನು 5 ಡಿಗ್ರಿ ಏರಿಕೆಯಲ್ಲಿ ಒಯ್ಯಲು ಸೆಕೆಂಡಿಗೆ 4 ಲೀಟರ್ ನೀರು ಹರಿಯಬೇಕು. 20 ಮೀಟರ್ ಹೆಡ್ (ನೀರನ್ನು ಅಷ್ಟು ಎತ್ತರಕ್ಕೆ ಏರಿಸುವಷ್ಟು ಒತ್ತಡ) ಮತ್ತು ಶೇಕಡಾ 60 ದಕ್ಷತೆಯ ಪಂಪು ಇಟ್ಟುಕೊಂಡರೆ ಆ ಒಂದು ಪಂಪಿಗೇ ದಿನಕ್ಕೆ 30 ಯೂನಿಟ್ ದಾಟುತ್ತದೆ. ಬಿಸಿನೀರಿನ ಪಂಪು, ಫ್ಯಾನು, ವ್ಯಾಕ್ಯೂಮ್ ಪಂಪು ಸೇರಿದರೆ 40ರ ಹತ್ತಿರ. ಕೊಳವೆಗಳನ್ನು ಅಗಲವಾಗಿಟ್ಟು ಹೆಡ್ ತಗ್ಗಿಸಿದರೆ ಇದು ಅರ್ಧಕ್ಕೆ ಇಳಿಯಬಹುದು, ಒಂದೂವರೆಗೆ ಇಳಿಯುವುದು ಈ ಸಂರಚನೆಯಲ್ಲಿ ಸಾಧ್ಯವಿಲ್ಲ. ನೀರಿನ ಲೆಕ್ಕದಲ್ಲಿ ಮಾತ್ರ ನೋಡಿದರೆ ಆರ್‌ಓ ಬಹಳ ಮುಂದಿದೆ ಎಂದು ಒಪ್ಪಿಕೊಳ್ಳಬೇಕು. ಆದರೆ ಅದೇ ಯಂತ್ರ ಅದೇ ದಿನ 680 ಯೂನಿಟ್ ತಂಪನ್ನೂ ಕೊಟ್ಟಿದೆ. ಒಳ್ಳೆಯ ಕಂಪ್ರೆಸರ್ ಚಿಲ್ಲರ್ ಅಷ್ಟು ತಂಪು ಕೊಡಲು ಸುಮಾರು 150 ಯೂನಿಟ್ ವಿದ್ಯುತ್ ಬಳಸುತ್ತದೆ. ಹೀಗೆ ಈ ಯಂತ್ರ ಬದಲಿಸುವ ವಿದ್ಯುತ್ತಿನಲ್ಲಿ ತಂಪಿನ ಪಾಲು 150, ನೀರಿನ ಪಾಲು 4. ಇದನ್ನು ಚಿಲ್ಲರ್ ಎಂದು ಕೊಳ್ಳಿ ಎಂದು ಆರಂಭದಲ್ಲಿಯೇ ಹೇಳಿದ್ದಕ್ಕೆ ಈ ಎರಡು ಸಂಖ್ಯೆಗಳೇ ಕಾರಣ. 40 ಯೂನಿಟ್ ಖರ್ಚು ಮಾಡಿ 150 ಉಳಿಸುವ, ಜೊತೆಗೆ ಒಂದು ಘನ ಮೀಟರ್ ಅಪ್ಪಟ ನೀರು ಕೊಡುವ ಯಂತ್ರ ಖಂಡಿತ ಒಳ್ಳೆಯ ಯಂತ್ರ, ಶಾಖ ಪುಕ್ಕಟೆ ಸಿಗುವುದಾದರೆ.

ಆ ಕೊನೆಯ ಮಾತು ಹಗುರವಾದುದಲ್ಲ. ದಿನಕ್ಕೆ ಒಂದು ಘನ ಮೀಟರ್ ನೀರಿಗೆ ಬೇಕಾದ ಶಾಖ 1,360 ಯೂನಿಟ್‌ನಷ್ಟು. ಇದನ್ನು ಹೊಸದಾಗಿ ಹಾಕಿದ ಸೌರ ಬಿಸಿನೀರಿನ ಫಲಕಗಳಿಂದ ಪಡೆಯುತ್ತೇವೆ ಎನ್ನುವ ಯೋಜನೆಗಳನ್ನು ನಾನು ಒಪ್ಪಲಾರೆ. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಬಿದ್ದು, ಅದರಲ್ಲಿ ಅರ್ಧ ಬಿಸಿನೀರಾಗಿ ದಕ್ಕಿದರೆ, ಸುಮಾರು 540 ಚದರ ಮೀಟರ್ ಫಲಕ ಬೇಕಾಗುತ್ತದೆ. ಅದೇ ಚಾವಣಿಯ ಮೇಲೆ ಸೌರ ವಿದ್ಯುತ್ ಫಲಕ ಹಾಕಿದರೆ ನಷ್ಟಗಳನ್ನೆಲ್ಲ ಕಳೆದು ದಿನಕ್ಕೆ 400 ಯೂನಿಟ್‌ಗೂ ಮೇಲ್ಪಟ್ಟು ವಿದ್ಯುತ್ ಬರುತ್ತದೆ. ಅದೇ ತಂಪು ಮತ್ತು ಅದೇ ನೀರನ್ನು ಕಂಪ್ರೆಸರ್ ಚಿಲ್ಲರ್ ಮತ್ತು ಆರ್‌ಓ ಜೋಡಿ 154 ಯೂನಿಟ್‌ನಲ್ಲಿ ಕೊಟ್ಟುಬಿಡುತ್ತದೆ. ಮಿಕ್ಕ ವಿದ್ಯುತ್ತು ಬೇರೆ ಕೆಲಸಕ್ಕೆ ಉಳಿಯುತ್ತದೆ. ಸೌರ ವಿದ್ಯುತ್ ಫಲಕ ದುಬಾರಿಯಾಗಿದ್ದ ಕಾಲದಲ್ಲಿ ಬಿಸಿಲಿನಿಂದ ನಡೆಯುವ ಅಡ್ಸಾರ್ಪ್ಷನ್ ಯಂತ್ರಕ್ಕೆ ಒಂದು ವಾದವಿತ್ತು, ಈಗ ಆ ವಾದ ನಿಲ್ಲುವುದಿಲ್ಲ. ಯಂತ್ರ ಕೆಟ್ಟದೆಂದು ಇದರ ಅರ್ಥವಲ್ಲ, ಅದರ ಜಾಗ ಬೇರೆ. ಹಗಲಿರುಳು ಓಡುವ ಡೀಸೆಲ್ ಅಥವಾ ಗ್ಯಾಸ್ ಎಂಜಿನ್ನಿನ ಜಾಕೆಟ್ ನೀರು (ಎಂಜಿನ್ನನ್ನು ತಣಿಸಲು ಅದರ ಸುತ್ತ ಹರಿಯುವ ನೀರು) 80ರಿಂದ 90 ಡಿಗ್ರಿಯಲ್ಲಿರುತ್ತದೆ. ಇಂಧನದ ಶಕ್ತಿಯ ಕಾಲು ಭಾಗದಷ್ಟು ಅದರ ಮೂಲಕವೇ ರೇಡಿಯೇಟರ್‌ಗೆ ಹೋಗಿ ವ್ಯರ್ಥವಾಗುತ್ತದೆ. ಕಾರ್ಖಾನೆಗಳ ಕಂಡೆನ್ಸೇಟ್ (ಉಗಿ ತಣಿದು ಆದ ಬಿಸಿನೀರು), ಬಣ್ಣ ಹಾಕುವ ಘಟಕಗಳ ಬಿಸಿನೀರು, ಭೂಶಾಖದ ಬಾವಿಗಳ ಹೊರಹರಿವು, ಹಡಗಿನ ಎಂಜಿನ್ನು, ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ. ಅಲ್ಲಿ ಶಾಖಕ್ಕೆ ಬೆಲೆಯಿಲ್ಲ, ಅದನ್ನು ಚೆಲ್ಲುವುದಕ್ಕೇ ಖರ್ಚಿದೆ. ಹಡಗು ಮತ್ತು ದ್ವೀಪದ ವಿದ್ಯುತ್ ಸ್ಥಾವರಗಳಂತೂ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಜಾಗಗಳು: ಬಿಸಿಯೂ ಇದೆ, ತಣಿಸಲು ಕಡಲೂ ಇದೆ, ತಂಪಿಗೂ ಸಿಹಿನೀರಿಗೂ ಬೇಡಿಕೆಯೂ ಇದೆ.

85 ಡಿಗ್ರಿಗಿಂತ ಮೇಲಿನ ಬಿಸಿ ಧಾರಾಳವಾಗಿ ಸಿಗುವವರು ಲಿಥಿಯಂ ಬ್ರೋಮೈಡ್‌ನ ಅಬ್ಸಾರ್ಪ್ಷನ್ ಚಿಲ್ಲರ್ (ಆವಿಯನ್ನು ಜೆಲ್ ಬದಲು ದ್ರಾವಣ ಹೀರುವ ಯಂತ್ರ) ಅನ್ನೂ ವಿಚಾರಿಸಬೇಕು. ಕೊಟ್ಟ ಶಾಖಕ್ಕೆ ಅದು ಕೊಡುವ ತಂಪಿನ ಅನುಪಾತ 0.7ರ ಆಸುಪಾಸು, ಗಾತ್ರವೂ ಚಿಕ್ಕದು, ತಯಾರಕರೂ ಹೆಚ್ಚು. ಬಿಸಿ ಏರಿಳಿದಾಗ ಅದರೊಳಗಿನ ದ್ರಾವಣ ಹರಳುಗಟ್ಟಿ ನಿಲ್ಲುವ ಅಪಾಯವಿದೆ, ಲೋಹವನ್ನು ಅದು ಸವೆಸುತ್ತದೆ. ಸಿಲಿಕಾ ಜೆಲ್‌ಗೆ ಇವೆರಡೂ ಇಲ್ಲ, ಅದರಿಂದ ಸಿಹಿನೀರು ತೆಗೆಯುವಂತೆ ಲಿಥಿಯಂ ಬ್ರೋಮೈಡ್ ಯಂತ್ರದಿಂದ ಸುಲಭವಾಗಿ ತೆಗೆಯಲೂ ಆಗದು. 65ರಿಂದ 85 ಡಿಗ್ರಿಯ, ದಿನದಲ್ಲಿ ಹತ್ತಾರು ಬಾರಿ ಏರಿಳಿಯುವ ಶಾಖವಿರುವಲ್ಲಿ ನಾನು ಅಡ್ಸಾರ್ಪ್ಷನ್ ಕಡೆಗೇ ನಿಲ್ಲುತ್ತೇನೆ.

ಇನ್ನು ನಿರ್ವಹಣೆ. ಮುಚ್ಚಿದ ಚಕ್ರವನ್ನು ತೆರೆಯುವುದು ದೊಡ್ಡ ಬದಲಾವಣೆ ಎಂದೆನಲ್ಲ, ಅದರ ಪರಿಣಾಮ ಇಲ್ಲಿ ಕಾಣುತ್ತದೆ. ಸಾಮಾನ್ಯ ಅಡ್ಸಾರ್ಪ್ಷನ್ ಚಿಲ್ಲರ್‌ನಲ್ಲಿ ಅದೇ ನೀರು ಸುತ್ತುತ್ತಿರುವುದರಿಂದ ಒಮ್ಮೆ ಗಾಳಿ ತೆಗೆದರೆ ಬಹುಕಾಲ ನೆಮ್ಮದಿ. ನಿರ್ಲವಣೀಕರಣ ಯಂತ್ರಕ್ಕೆ ಪ್ರತಿ ನಿಮಿಷ ಹೊಸ ಕಡಲ ನೀರು ಬರುತ್ತದೆ, ಅದರೊಂದಿಗೆ ಕರಗಿದ ಆಮ್ಲಜನಕ, ಸಾರಜನಕ, ಇಂಗಾಲದ ಡೈಆಕ್ಸೈಡ್ ಬರುತ್ತವೆ. ಒಳಗಿನ ಒತ್ತಡ ವಾತಾವರಣದ ನೂರರಲ್ಲಿ ಒಂದು ಭಾಗ ಮಾತ್ರ ಇರುವಾಗ ಆ ಅನಿಲಗಳು ಕೂಡಲೇ ಹೊರಬಿದ್ದು, ಜೆಲ್‌ನ ಸುತ್ತ ಮತ್ತು ಕಂಡೆನ್ಸರ್ ಕೊಳವೆಗಳ ಸುತ್ತ ತೆಳು ಹೊದಿಕೆಯಂತೆ ನಿಂತುಬಿಡುತ್ತವೆ. ನೀರಾವಿ ಆ ಹೊದಿಕೆಯನ್ನು ದಾಟಿ ಹೋಗಬೇಕು. ಒತ್ತಡದ ಮಾಪಕದಲ್ಲಿ ಕಾಣಿಸದಷ್ಟು ಸ್ವಲ್ಪ ಗಾಳಿಯೂ ಉತ್ಪಾದನೆಯನ್ನು ಗಮನಕ್ಕೆ ಬರುವಷ್ಟು ಇಳಿಸುತ್ತದೆ. ಆದ್ದರಿಂದ ಕಡಲ ನೀರು ಒಳಗೆ ಹೋಗುವ ಮೊದಲೇ ಕರಗಿದ ಗಾಳಿಯನ್ನು ತೆಗೆಯುವ ಘಟಕ ಇರಲೇಬೇಕು, ವ್ಯಾಕ್ಯೂಮ್ ಪಂಪು ಆಗಾಗ ತಾನಾಗಿ ಓಡುವಂತಿರಬೇಕು. ಬೆಲೆ ಇಳಿಸಲು ಮಾರಾಟಗಾರರು ಮೊದಲು ಕೈಬಿಡುವುದು ಈ ಘಟಕವನ್ನೇ, ಅದಕ್ಕೆ ಒಪ್ಪಬಾರದು. ವಾಲ್ವ್‌ಗಳ ಮಾತೂ ಇಲ್ಲಿಯೇ ಬರುತ್ತದೆ. 1 ಕಿಲೋಪಾಸ್ಕಲ್ ಒತ್ತಡದಲ್ಲಿ ಒಂದು ಕಿಲೋಗ್ರಾಂ ನೀರಾವಿ ಸುಮಾರು 130 ಘನ ಮೀಟರ್ ಜಾಗ ತುಂಬುತ್ತದೆ. ಇಷ್ಟು ಆವಿ ತಡೆಯಿಲ್ಲದೆ ಹರಿಯಬೇಕಾದರೆ ವಾಲ್ವ್‌ಗಳು ಬಲು ಅಗಲವಾಗಿರಬೇಕು. ಅಗಲವಾದಷ್ಟೂ ಅವುಗಳ ಸೀಲುಗಳಲ್ಲಿ ಗಾಳಿ ಸೋರುವ ಸಾಧ್ಯತೆ ಹೆಚ್ಚು. ಕಂಪ್ರೆಸರ್ ಇಲ್ಲದ ಯಂತ್ರಕ್ಕೆ ನಿರ್ವಹಣೆಯೇ ಬೇಡ ಎಂಬ ಮಾತನ್ನು ನಂಬಿದವರು ಮೊದಲ ವರ್ಷದ ಕೊನೆಗೆ ಉತ್ಪಾದನೆ ಇಳಿದದ್ದನ್ನು ಕಂಡು ಜೆಲ್ ಹಳತಾಯಿತೆಂದು ಭಾವಿಸುತ್ತಾರೆ. ಜೆಲ್ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಒಳಗೆ ಗಾಳಿ ಸೇರಿರುತ್ತದೆ.

ಜೆಲ್‌ಗೆ ನಿಜವಾದ ಶತ್ರು ಉಪ್ಪು. ಇವಾಪೊರೇಟರ್‌ನಿಂದ ಆವಿಯೊಂದಿಗೆ ಹಾರಿ ಬರುವ ಸೂಕ್ಷ್ಮ ಹನಿಗಳನ್ನು ತಡೆಯುವ ಜಾಲರಿ ಸರಿಯಾಗಿರದಿದ್ದರೆ ಲವಣ ನಿಧಾನವಾಗಿ ಬೆಡ್ ತಲುಪಿ ರಂಧ್ರಗಳನ್ನು ಮುಚ್ಚುತ್ತದೆ. ಸಿಹಿನೀರಿನ ವಿದ್ಯುತ್ ವಾಹಕತೆಯನ್ನು ಸತತವಾಗಿ ಅಳೆಯುವ ಮಾಪಕ ಇದ್ದರೆ ಈ ಕೇಡು ಬಹಳ ಮೊದಲೇ ತಿಳಿಯುತ್ತದೆ.

ಗಾತ್ರ ಮತ್ತು ತೂಕದ ವಿಚಾರದಲ್ಲಿ ಯಂತ್ರಕ್ಕೆ ನಾನು ಕಡಿಮೆ ಅಂಕ ಕೊಡುತ್ತೇನೆ. ಜೆಲ್‌ನ ಕಾಳುಗಳ ಮೂಲಕ ಶಾಖ ಹರಿಯುವುದು ತೀರ ನಿಧಾನ. ಅದಕ್ಕಾಗಿ ಬೆಡ್ ತುಂಬ ಲೋಹದ ರೆಕ್ಕೆಗಳನ್ನು ತುಂಬಬೇಕು, ಆ ಲೋಹವನ್ನು ಪ್ರತಿ ಪಾಳಿಯಲ್ಲಿ ಕಾಯಿಸಿ ತಣಿಸುವುದರಲ್ಲಿ ಶಾಖ ಪೋಲಾಗುತ್ತದೆ. ಕಾಳುಗಳನ್ನು ಸುರಿಯುವ ಬದಲು ರೆಕ್ಕೆಗಳ ಮೇಲೆ ತೆಳುವಾಗಿ ಲೇಪಿಸುವ ವಿಧಾನ ಈ ದೋಷವನ್ನು ಸಾಕಷ್ಟು ಕಡಿಮೆ ಮಾಡಿದೆ. ಮಿತ್ಸುಬಿಷಿಯ AQSOA ಎಂಬ ಜಿಯೋಲೈಟ್ (ಸೂಕ್ಷ್ಮರಂಧ್ರಗಳ ಖನಿಜ) ಬಗೆಯ ವಸ್ತುಗಳು ಒತ್ತಡದ ಒಂದು ನಿರ್ದಿಷ್ಟ ಅನುಪಾತದ ಸುತ್ತ ಒಮ್ಮೆಲೇ ಬಹಳ ಆವಿ ಹಿಡಿದು ಬಿಡುತ್ತವೆ. ತಾಪಗಳು ಆ ಅನುಪಾತಕ್ಕೆ ಹೊಂದಿಬಂದರೆ ಅದೇ ಗಾತ್ರದಿಂದ ಹೆಚ್ಚು ಕೆಲಸ ಸಿಗುತ್ತದೆ, ಹೊಂದದಿದ್ದರೆ ಸಿಲಿಕಾ ಜೆಲ್‌ಗಿಂತಲೂ ಕಡಿಮೆ. ತಾಪಗಳು ಋತುವಿನಿಂದ ಋತುವಿಗೆ ಬದಲಾಗುವಲ್ಲಿ ಹಳೆಯ ಸಿಲಿಕಾ ಜೆಲ್ ಹೆಚ್ಚು ಸಹನೆಯುಳ್ಳದ್ದು. ಪಾಳಿ ಬದಲಾದಾಗಲೆಲ್ಲ ತಣ್ಣೀರಿನ ತಾಪ ಒಂದೆರಡು ಡಿಗ್ರಿ ಏರಿ ಇಳಿಯುವುದು ಎರಡು ಬೆಡ್‌ಗಳ ಯಂತ್ರದ ಸ್ವಭಾವ. ನಾಲ್ಕು ಬೆಡ್‌ಗಳಿದ್ದರೆ ಅಥವಾ ನಡುವೆ ಒಂದು ತಣ್ಣೀರಿನ ತೊಟ್ಟಿಯಿದ್ದರೆ ಕಟ್ಟಡದೊಳಗಿನವರಿಗೆ ಅದು ತಿಳಿಯುವುದೇ ಇಲ್ಲ.

ತಂಪು ಬೇಡ, ನೀರು ಮಾತ್ರ ಸಾಕು ಎನ್ನುವವರಿಗೂ ಎರಡು ದಾರಿಗಳಿವೆ. ಕಂಡೆನ್ಸರ್‌ನಲ್ಲಿ ಬಿಡುಗಡೆಯಾಗುವ ಶಾಖವನ್ನೇ ಇವಾಪೊರೇಟರ್‌ಗೆ ತಿರುಗಿಸಿದರೆ ಅಲ್ಲಿನ ಒತ್ತಡ ಏರಿ ನೀರಿನ ಪ್ರಮಾಣ ಗಣನೀಯವಾಗಿ ಹೆಚ್ಚುತ್ತದೆ. ಇನ್ನೊಂದು, ಬಹುಹಂತದ ಬಾಷ್ಪೀಕರಣ ಘಟಕದ ಕೊನೆಯ ಹಂತಕ್ಕೆ ಅಡ್ಸಾರ್ಪ್ಷನ್ ಬೆಡ್‌ಗಳನ್ನು ಜೋಡಿಸುವುದು. ಆ ಘಟಕಗಳ ಕೊನೆಯ ಹಂತ ಸಾಮಾನ್ಯವಾಗಿ 40 ಡಿಗ್ರಿಯ ಹತ್ತಿರ ನಿಲ್ಲಬೇಕಾಗುತ್ತದೆ. ಬೆಡ್‌ಗಳು ಆವಿಯನ್ನು ಎಳೆದುಕೊಂಡರೆ ಅದನ್ನು 10 ಡಿಗ್ರಿಗಿಂತಲೂ ಕೆಳಗೆ ಒಯ್ಯಬಹುದು, ಮೇಲಿನ ಬಿಸಿ ಅಷ್ಟೇ ಇದ್ದರೂ ನಡುವೆ ಇನ್ನಷ್ಟು ಹಂತಗಳು ಹಿಡಿಯುತ್ತವೆ, ಅದೇ ಶಾಖ ಮತ್ತೆ ಮತ್ತೆ ಬಳಕೆಯಾಗುತ್ತದೆ. ಸಿಂಗಪುರ ಮತ್ತು ಸೌದಿಯ ಪ್ರಾಯೋಗಿಕ ಘಟಕಗಳಲ್ಲಿ ಹೀಗೆ ಜೋಡಿಸಿದಾಗ ನೀರಿನ ಉತ್ಪಾದನೆ ಎರಡು ಪಟ್ಟಿಗೂ ಮೇಲೆ ಹೋದದ್ದು ವರದಿಯಾಗಿದೆ. ಅಡ್ಸಾರ್ಪ್ಷನ್ ತತ್ತ್ವಕ್ಕೆ ನೀರಿನ ಕ್ಷೇತ್ರದಲ್ಲಿ ನಿಜವಾದ ಭವಿಷ್ಯವಿದ್ದರೆ ಅದು ಈ ಜೋಡಣೆಯಲ್ಲಿದೆ ಎಂದು ನಾನು ನಂಬುತ್ತೇನೆ; ಅದು ದೊಡ್ಡ ಸ್ಥಾವರಗಳ ಮಾತು, ಒಂದು ಆಸ್ಪತ್ರೆಯೋ ಹಡಗೋ ಕೊಳ್ಳುವ ಯಂತ್ರದ ಮಾತಲ್ಲ.

ಖರೀದಿಗೆ ಮುಂದಾಗುವವರು ಒಪ್ಪಂದದ ಪತ್ರದಲ್ಲಿ ನಾಲ್ಕು ತಾಪಗಳನ್ನು ಒಟ್ಟಿಗೆ ಬರೆಸಿಕೊಳ್ಳಬೇಕು: ಬಿಸಿನೀರು ಒಳಬರುವ ತಾಪ, ವರ್ಷದ ಅತಿ ಬಿಸಿಯಾದ ತಿಂಗಳಲ್ಲಿ ತಣಿಸುವ ನೀರಿನ ತಾಪ, ತಣ್ಣೀರು ಹೊರಬರುವ ತಾಪ ಮತ್ತು ಒಳಬರುವ ಕಡಲ ನೀರಿನ ತಾಪ. ಆ ನಾಲ್ಕೂ ಹಾಗೆಯೇ ಇರುವಾಗ ಒಂದೇ 24 ಗಂಟೆಗಳ ಪರೀಕ್ಷೆಯಲ್ಲಿ ತಂಪನ್ನೂ ನೀರನ್ನೂ ಅಳೆಯಬೇಕು, ಎಲ್ಲ ಪಂಪು ಮತ್ತು ಫ್ಯಾನುಗಳ ವಿದ್ಯುತ್ತನ್ನು ಒಂದೇ ಮೀಟರಿನಲ್ಲಿ ಓದಬೇಕು. ಅದೇ ಪರೀಕ್ಷೆಯನ್ನು, ವ್ಯಾಕ್ಯೂಮ್ ಪಂಪನ್ನು ಹೆಚ್ಚುವರಿಯಾಗಿ ಓಡಿಸದೆ, ಆರು ತಿಂಗಳ ನಂತರ ಇನ್ನೊಮ್ಮೆ ಮಾಡಲು ಮಾರಾಟಗಾರರು ಒಪ್ಪಬೇಕು. ಎರಡನೆಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆಯೇ ಕೊನೆಯ ಕಂತಿನ ಹಣ ಪಾವತಿಸುವುದು ಸೂಕ್ತ.